ಅನಿರ್ವಚನೀಯ ಪಟ್ಟಿಯೊಡನೆ ಅರ್ಧ ಗಂಟೆ

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಯಾರನ್ನು ವಿಮಾನ ಹತ್ತಿಸಕೂಡದೆಂದು ನಿರ್ಣಯಿಸುವ ಆ ಮಹಾಪಟ್ಟಿಯನ್ನು ಒಮ್ಮೆ ಕಂಡು ಮಾತನಾಡಿಸಬೇಕೆಂಬ ಹಂಬಲ ನನ್ನಲ್ಲಿ ಬಹುಕಾಲದಿಂದ ಇದ್ದಿತಾದರೂ, ಅದರ ವಿಳಾಸವನ್ನು ವಿಚಾರಿಸಿದವರ ಹೆಸರೇ ಅದರೊಳಗೆ ಸೇರಿಹೋಗುವುದೆಂದು ಹಿತೈಷಿಗಳು ಹೆದರಿಸುತ್ತಿದ್ದುದರಿಂದ, ಆ ಸಂಕಲ್ಪ ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಹೋಗುತ್ತಲೇ ಬಂದಿತು. ಕಡೆಗೆ ವಾಷಿಂಗ್ಟನ್ ನಗರದ ಹೊರವಲಯದಲ್ಲಿ, ಫಲಕವಿಲ್ಲದ ಕಟ್ಟಡವೊಂದರ ಕಿಟಕಿಯಿಲ್ಲದ ಕೋಣೆಯಲ್ಲಿ ದರ್ಶನ ಲಭಿಸಿತು. ಕುಳಿತುಕೊಳ್ಳಿರೆಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಹೊರಟುಹೋಗಿರೆಂದು ಹೇಳುವವರೂ ಇಲ್ಲದ್ದರಿಂದ ಅದನ್ನೇ ಅನುಮತಿಯೆಂದು ಭಾವಿಸಿ ಕುಳಿತೆ.

ನಾನು: ತಮ್ಮೊಳಗೆ ಯಾರು ಯಾರು ಇದ್ದಾರೆಂಬುದನ್ನು ತಿಳಿಯಬಹುದೆ?

ಪಟ್ಟಿ: ಇದ್ದಾರೆಂದು ಹೇಳುವಂತಿಲ್ಲ, ಇಲ್ಲವೆಂದೂ ಹೇಳುವಂತಿಲ್ಲ. ತಮ್ಮ ದೇಶದ ವೇದಾಂತಿಗಳು ಮಾಯೆಯನ್ನು ಸತ್ತೂ ಅಲ್ಲ, ಅಸತ್ತೂ ಅಲ್ಲ, ಅನಿರ್ವಚನೀಯ ಎಂದು ಬಣ್ಣಿಸಿದ್ದಾರಂತೆ. ನನ್ನ ವಕೀಲರು ಶಂಕರರ ಭಾಷ್ಯವನ್ನು ಓದಿದವರಲ್ಲ. ಆದರೂ ನ್ಯಾಯಾಲಯದಲ್ಲಿ ಅದನ್ನೇ ವಾದಿಸುತ್ತ ಬಂದರು. 2014ರಲ್ಲಿ ಆರೆಗಾನಿನ ನ್ಯಾಯಾಧೀಶೆ ಆನಾ ಬ್ರೌನ್ ಅವರು ಈ ಅದ್ವೈತವು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತ ಮೇಲೆ, ತಡೆಹಿಡಿಯಲ್ಪಟ್ಟ ಸ್ವದೇಶೀಯರು ಅರ್ಜಿ ಹಾಕಿಕೊಂಡರೆ, ಇದ್ದೀರಿ ಎಂಬಷ್ಟನ್ನು ತಿಳಿಸುವುದುಂಟು. ಏಕೆ ಇದ್ದೀರೆಂಬುದನ್ನು ಪೂರ್ತಿಯಾಗಿ ತಿಳಿಸಿದರೆ ನನ್ನ ಘನತೆ ಉಳಿಯುವುದೆ?

ನಾನು: ನಮ್ಮಲ್ಲಿಯೂ ಚಿತ್ರಗುಪ್ತನೆಂಬ ಲೆಕ್ಕಿಗನೊಬ್ಬನಿದ್ದಾನೆ.

ಪಟ್ಟಿ: ಕೇಳಿಬಲ್ಲೆ. ಪಾಪ, ಹಳೆಯ ಕಾಲದವನು. ಆತ ಮನುಷ್ಯನು ಮಾಡಿದ್ದನ್ನು ಬರೆದಿಡುತ್ತಾನೆ, ಸತ್ತ ಮೇಲಾದರೂ ಅವನ ಎದುರಿಗೇ ಓದಿ ಹೇಳುತ್ತಾನೆ. ನಾನು ಬರೆದಿಡುವುದು ಮನುಷ್ಯನು ಮುಂದೆ ಮಾಡಬಹುದಾದದ್ದನ್ನು. ಓದಿ ಹೇಳುವ ಪದ್ಧತಿ ನನ್ನಲ್ಲಿಲ್ಲ.

ತನ್ನ ಬೆಳವಣಿಗೆಯ ಕಥೆಯನ್ನು ಹೇಳುವಾಗ ಅದರ ಧ್ವನಿಯಲ್ಲಿ ಬಡತನದಿಂದ ಮೇಲೆ ಬಂದವರ ಸಂತೃಪ್ತಿ ಇದ್ದಿತು. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ತನ್ನಲ್ಲಿ ಇಪ್ಪತ್ತು ಹೆಸರುಗಳೂ ತುಂಬಿರಲಿಲ್ಲವೆಂದೂ, 2003ರಲ್ಲಿ ಎಫ್‌ಬಿಐ ಆಡಳಿತದ ಕೇಂದ್ರವೊಂದು ಸ್ಥಾಪಿತವಾದ ಮೇಲೆ ವಂಶಾಭಿವೃದ್ಧಿಯಾಯಿತೆಂದೂ, 2016ರ ಹೊತ್ತಿಗೆ ತನ್ನಲ್ಲಿ ಸುಮಾರು 81,000 ಮಂದಿ, ಅವರಲ್ಲಿ ಅಮೆರಿಕಾದ ಪ್ರಜೆಗಳೂ ಖಾಯಂ ನಿವಾಸಿಗಳೂ ಸೇರಿ ಒಂದು ಸಾವಿರಕ್ಕಿಂತ ಕಡಿಮೆ, ತನ್ನ ತಾಯಿಯಾದ, ಭಯೋತ್ಪಾದನೆಯ ಶಂಕಿತರೆಲ್ಲರ ಮೂಲಸಂಗ್ರಹದಲ್ಲಿಯಾದರೋ ಹತ್ತು ಲಕ್ಷದಷ್ಟು ಜನ ಇದ್ದರೆಂದೂ ವಿವರಿಸಿತು.

ನಾನು: ಅಷ್ಟು ದೊಡ್ಡ ಸಂಸಾರದಲ್ಲಿ ತಪ್ಪುಗಳಾಗುವುದಿಲ್ಲವೆ?

ಪಟ್ಟಿ: ತಪ್ಪೆನ್ನಬೇಡಿ, ಸಾದೃಶ್ಯವೆನ್ನಿ. 2004ರಲ್ಲಿ ಸೆನೆಟರ್ ಎಡ್ವರ್ಡ್ ಕೆನಡಿಯವರನ್ನು ವಿಮಾನ ನಿಲ್ದಾಣಗಳಲ್ಲಿ ಹಲವು ಬಾರಿ ತಡೆದರು. ಯಾರೋ ಶಂಕಿತನು ಇಟ್ಟುಕೊಂಡಿದ್ದ ಕಳ್ಳಹೆಸರು ಅವರದನ್ನು ಹೋಲುತ್ತಿದ್ದಿತು. ಮಂತ್ರಿಯವರೆಗೆ ಹೋಗಿ ವಾರಗಟ್ಟಲೆ ಹೆಣಗಿ ಅವರು ಪಾರಾದರು. ನೆಲ್ಸನ್ ಮಂಡೇಲಾ ಅವರು 2008ರವರೆಗೆ ಶಂಕಿತರಾಗಿಯೇ ಉಳಿದದ್ದು ನನ್ನಲ್ಲಲ್ಲ, ನನ್ನ ದಾಯಾದಿ ಪಟ್ಟಿಯಲ್ಲಿ. ತೊಂಬತ್ತನೆಯ ವರ್ಷ ತುಂಬುವುದಕ್ಕೆ ಕೆಲವೇ ದಿನಗಳಿದ್ದಾಗ ಅವರನ್ನು ಬಿಡಿಸುವುದಕ್ಕೆ ಒಂದು ಕಾಯಿದೆಯನ್ನೇ ಮಾಡಬೇಕಾಯಿತು.

ಇಲ್ಲಿ ನನಗೆ ನನ್ನ ಹೆಸರಿನದೇ ಚಿಂತೆ ಹತ್ತಿಕೊಂಡಿತು. ಊರಿನ ಅಕ್ಷರ, ತಂದೆಯ ಅಕ್ಷರ, ಆಮೇಲೆ ಸ್ವಂತ ಹೆಸರು ಎಂಬ ಕನ್ನಡಿಗರ ಕ್ರಮವನ್ನು ಆ ದೇಶದ ನಮೂನೆಗಳು ಒಪ್ಪುವುದಿಲ್ಲವಾಗಿ, ನಮ್ಮವರಲ್ಲಿ ಎಷ್ಟೋ ಮಂದಿ ಅಲ್ಲಿ ತಮ್ಮ ಹಳ್ಳಿಯ ಹೆಸರಿನಿಂದಲೇ ಕರೆಯಿಸಿಕೊಳ್ಳುತ್ತ, ಇಡೀ ಊರಿನ ಪಾಪವನ್ನು ಹೊತ್ತು ತಿರುಗುತ್ತಿರುವರು. ಈ ವಿಷಯವನ್ನು ಪಟ್ಟಿಯ ಮುಂದೆ ಪ್ರಸ್ತಾಪಿಸುವುದು ವಿವೇಕವಲ್ಲವೆಂದು ಸುಮ್ಮನಾದೆ.

ನಾನು: ಸ್ಟ್ಯಾನ್‌ಫರ್ಡಿನಲ್ಲಿ ಓದುತ್ತಿದ್ದ ಮಲೇಷ್ಯಾದ ವಿದ್ಯಾರ್ಥಿನಿಯ ಪ್ರಕರಣ?

ಪಟ್ಟಿ (ಸ್ವಲ್ಪ ಹೊತ್ತು ಸುಮ್ಮನಿದ್ದು): ಅದು ನಮೂನೆಯ ದೋಷ. ಯಾವ ಯಾವ ಪಟ್ಟಿಗೆ ಸೇರಿಸಬಾರದೋ ಅವುಗಳ ಚೌಕದಲ್ಲಿ ಗುರುತು ಹಾಕಬೇಕೆಂದು ಅದರಲ್ಲಿ ಮುದ್ರಿಸಿದ್ದರು. ಅಧಿಕಾರಿಯು ಸೇರಿಸಬೇಕಾದವುಗಳಿಗೆ ಗುರುತು ಹಾಕಿದನು. 2005ರ ಜನವರಿಯಲ್ಲಿ, ಗಾಲಿಕುರ್ಚಿಯಲ್ಲಿ ಬಂದಿದ್ದ ಆಕೆಗೆ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದಲ್ಲಿ ಬೇಡಿ ತೊಡಿಸಿದರು. ಚೌಕಗಳಲ್ಲಿ ಗುರುತು ತಪ್ಪಿತ್ತೆಂದು ನ್ಯಾಯಾಧೀಶ ವಿಲಿಯಂ ಆಲ್ಸಪ್ ಅವರು ತೀರ್ಮಾನಿಸಿದ್ದು 2014ರ ಜನವರಿಯಲ್ಲಿ. ಒಂಬತ್ತು ವರ್ಷ. ಅಲ್ಲಿಯವರೆಗೆ ಕೇಳಿದವರಿಗೆಲ್ಲ, ಅದು ರಾಜ್ಯರಹಸ್ಯವೆಂದು ಉತ್ತರ ಕೊಡುತ್ತಿದ್ದೆವು. ಅದು ರಹಸ್ಯವಾಗಿದ್ದುದೇನೋ ನಿಜ. ಆ ಅಧಿಕಾರಿಗೂ ವಿಚಾರಣೆಗೆ ಮುನ್ನ ಹೇಳಿಕೆ ಕೊಡುವವರೆಗೆ ಗೊತ್ತಿರಲಿಲ್ಲ.

ನಾನು: ತಮ್ಮಲ್ಲಿ ಹೆಸರಿರುವವನು ಅಂಗಡಿಗೆ ಹೋಗಿ ಬಂದೂಕನ್ನು ಕೊಳ್ಳಬಹುದಂತೆ, ನಿಜವೆ?

ಪಟ್ಟಿ: ಧಾರಾಳವಾಗಿ. 1968ರ ಕಾಯಿದೆಯಲ್ಲಿ ಘೋರಾಪರಾಧಿಗಳು, ಮಾದಕವ್ಯಸನಿಗಳು ಮುಂತಾದವರಿಗೆ ನಿಷೇಧವಿದೆ; ಶಂಕಿತರ ಮಾತಿಲ್ಲ. 2004ರ ಫೆಬ್ರವರಿಯಿಂದ 2014ರ ಡಿಸೆಂಬರ್‌ವರೆಗೆ ಮೂಲಸಂಗ್ರಹದಲ್ಲಿದ್ದವರ ಹೆಸರುಗಳು ಬಂದೂಕಿನ ವಿಚಾರಣೆಯಲ್ಲಿ 2,233 ಬಾರಿ ತೋರಿಬಂದವು. 2,043 ಬಾರಿ ಕೊಡಬಹುದೆಂದು ಉತ್ತರ ಹೋಯಿತು. ಉಳಿದವುಗಳಿಗೆ ಅಡ್ಡಿಯಾದದ್ದು ನಾವಲ್ಲ, ಬೇರೆ ಕಾರಣಗಳು.

ನಾನು: ಹಾಗಾದರೆ ವಿಮಾನದ ಆಸನಕ್ಕೆ ಅಪಾಯಕಾರಿಯಾದವನು ಬಂದೂಕಿಗೆ ಅಪಾಯಕಾರಿಯಲ್ಲವೆ?

ಪಟ್ಟಿ: ಬಂದೂಕಿಗೆ 1791ರಲ್ಲಿ ಒಂದು ತಿದ್ದುಪಡಿಯಿದೆ. ವಿಮಾನದ ಆಸನಕ್ಕೆ ಏನಿದೆ? ಒಂದು ಪಟ್ಟಿ ಮಾತ್ರ. ತಾವು ನೋಡಬೇಕಾಗಿತ್ತು, ಸ್ವಾಮಿ. ಸ್ಯಾನ್ ಬರ್ನಾರ್ಡಿನೋದಲ್ಲಿ 14 ಮಂದಿ ಹತರಾದ ಮರುದಿನವೇ, 2015ರ ಡಿಸೆಂಬರ್ 3ರಂದು, ಸೆನೆಟಿನಲ್ಲಿ, ಶಂಕಿತರಿಗೆ ಬಂದೂಕು ಮಾರದಂತೆ ತಡೆಯಬೇಕೆಂಬ ಡಯಾನ್ ಫೈನ್‌ಸ್ಟೈನ್ ಅವರ ಸೂಚನೆ 45ಕ್ಕೆ 54 ಮತಗಳಿಂದ ಬಿದ್ದಿತು. ಒರ್ಲಾಂಡೋದಲ್ಲಿ 49 ಮಂದಿ ಹತರಾದ ಮೇಲೆ, 2016ರ ಜೂನ್ 20ರಂದು, ನಾಲ್ಕು ಸೂಚನೆಗಳು ಬಂದು ನಾಲ್ಕೂ ಬಿದ್ದವು. ಆ ಚರ್ಚೆಗಳಲ್ಲಿ ನಾನು ಕಂಡದ್ದನ್ನು ಹಿಂದೆ ಎಂದೂ ಕಂಡಿರಲಿಲ್ಲ: ಹತ್ತು ಹನ್ನೆರಡು ವರ್ಷ ನನ್ನ ಮೇಲೆ ಅಚಲವಾದ ಭಕ್ತಿಯಿಟ್ಟು, ದೂರು ತಂದವರಿಗೆಲ್ಲ ದೇಶರಕ್ಷಣೆಯ ಪಾಠ ಹೇಳುತ್ತಿದ್ದವರು, ಬಂದೂಕಿನ ಹೆಸರೆತ್ತುತ್ತಲೇ, ಪಟ್ಟಿಯಲ್ಲಿ ನಿರಪರಾಧಿಗಳಿದ್ದಾರೆ, ನ್ಯಾಯವಿಚಾರಣೆಯಿಲ್ಲದೆ ಹಕ್ಕನ್ನು ಕಿತ್ತುಕೊಳ್ಳುವುದು ಅಧರ್ಮ ಎಂದು ಕಂಬನಿ ಮಿಡಿದರು. ಅವರಲ್ಲೊಬ್ಬರಾದ ರಿಪಬ್ಲಿಕನ್ ಸೆನೆಟರ್ ಕಾರ್ನಿನ್ ಅವರ ಸೂಚನೆಯಂತೆ, ಬಂದೂಕನ್ನು ತಡೆಯಬೇಕಾದರೆ ಸರ್ಕಾರವು ಮೂರು ದಿನಗಳೊಳಗೆ ನ್ಯಾಯಾಧೀಶರ ಮುಂದೆ ಕಾರಣ ತೋರಿಸಬೇಕಾಗಿತ್ತು.

ನಾನು: ಮೂರು ದಿನ. ಆ ವಿದ್ಯಾರ್ಥಿನಿಗೆ ಒಂಬತ್ತು ವರ್ಷ.

ಪಟ್ಟಿ: ಆಕೆ ಬಂದೂಕನ್ನು ಕೇಳಲಿಲ್ಲವಲ್ಲ!

ನಾನು: ಇನ್ನೊಂದು ಪಕ್ಷದವರಾದ ಡೆಮಾಕ್ರಟರು?

ಪಟ್ಟಿ: ಅವರು ನನ್ನನ್ನು ಹಿಂದೆ ಬೈಯುತ್ತಿದ್ದರು, ಆಗ ಹಾರ ಹಾಕಿದರು. ಜಾನ್ ಲೂಯಿಸ್ ಅವರನ್ನು ಬಲ್ಲಿರಾ? 1965ರಲ್ಲಿ ಸೆಲ್ಮಾದ ಸೇತುವೆಯ ಮೇಲೆ ಪೊಲೀಸರ ದೊಣ್ಣೆಯಿಂದ ತಲೆಯೊಡೆಸಿಕೊಂಡವರು. ಅವರ ಹೆಸರೂ ನನ್ನ ಬಳಗದಲ್ಲಿದ್ದ ಯಾರದೋ ಹೆಸರಿಗೆ ಹೊಂದಿದ್ದರಿಂದ ಅವರನ್ನು ವಿಮಾನ ನಿಲ್ದಾಣಗಳಲ್ಲಿ ಮತ್ತೆ ಮತ್ತೆ ತಡೆದು ಶೋಧಿಸಿದ್ದುಂಟು. ಅಂಥವರು 2016ರ ಜೂನ್ 22ರಂದು ಪ್ರತಿನಿಧಿಸಭೆಯ ನೆಲದ ಮೇಲೆ, ನನ್ನಲ್ಲಿರುವವರಿಗೆ ಬಂದೂಕು ಮಾರಬಾರದೆಂಬ ವಿಧೇಯಕವನ್ನೂ ಮತಕ್ಕೆ ಹಾಕಬೇಕೆಂದು, ಸಂಗಡಿಗರೊಡನೆ 25 ಗಂಟೆಗೂ ಮಿಕ್ಕು ಸತ್ಯಾಗ್ರಹ ಕುಳಿತರು. ನನಗೆ ಸಂಕೋಚವೇ ಆಯಿತು. ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಒಂದೇ ಮೊದಲಿನಿಂದ ಕಡೆಯವರೆಗೆ ಒಂದೇ ಮಾತನ್ನಾಡಿತು, ಪಟ್ಟಿ ಸರಿಯಿಲ್ಲವೆಂದು. ಹಾಗೆ ಆಡಿದ್ದರಿಂದ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಪಕ್ಕದಲ್ಲಿ ನಿಲ್ಲಬೇಕಾಗಿ ಬಂದು, ಇಬ್ಬರೂ ಮುಖವನ್ನು ಆಚೆಗೆ ತಿರುಗಿಸಿಕೊಂಡಿದ್ದರು.

ನಾನು: ಒರ್ಲಾಂಡೋದ ಹಂತಕನ ಹೆಸರು ತಮ್ಮಲ್ಲಿತ್ತೆ?

ಪಟ್ಟಿ: ಅವನನ್ನು ಎಫ್‌ಬಿಐನವರು ಎರಡು ಬಾರಿ ವಿಚಾರಿಸಿದ್ದರು. ಮೂಲಸಂಗ್ರಹದಲ್ಲಿ ಕೆಲವು ಕಾಲ ಇದ್ದನು. ವಿಚಾರಣೆ ಮುಗಿದಾಗ, ಸಾಕ್ಷ್ಯವಿಲ್ಲದ್ದರಿಂದ, ನಿಯಮದಂತೆ ತೆಗೆದುಹಾಕಿದರು. ಬಂದೂಕನ್ನು ಕೊಂಡದ್ದು ಆಮೇಲೆ. ಫೈನ್‌ಸ್ಟೈನ್ ಅವರ ಸೂಚನೆ ಆಗಲೇ ಕಾಯಿದೆಯಾಗಿದ್ದಿದ್ದರೂ ನನ್ನಿಂದ ಅವನಿಗೆ ಅಡ್ಡಿ ಬರುತ್ತಿತ್ತೋ ಇಲ್ಲವೋ. ಇದನ್ನು ನಾನು ಯಾರಿಗೂ ಹೇಳಿಲ್ಲ. ಯಾರೂ ಕೇಳಲೂ ಇಲ್ಲ.

ಮತ್ತೊಂದು ಪ್ರಶ್ನೆಯನ್ನು ಸಿದ್ಧಪಡಿಸಿಕೊಳ್ಳುತ್ತಿರುವಷ್ಟರಲ್ಲಿ ದೂರವಾಣಿ ಮೊಳಗಿತು. ಯಾವುದೋ ರಾಜ್ಯದ ಬಂದೂಕಿನ ಅಂಗಡಿಯೊಂದರಿಂದ ಹೊರಟ ವಿಚಾರಣೆ ಕೈಯಿಂದ ಕೈಗೆ ದಾಟಿ ಅಲ್ಲಿಗೆ ಬಂದಿದ್ದಿತು. ಪಟ್ಟಿಯು ಹೆಸರನ್ನೂ ಜನ್ಮದಿನಾಂಕವನ್ನೂ ಕೇಳಿಕೊಂಡು, ಹಾಳೆಗಳನ್ನು ಮಗುಚಿ, ಬೆರಳಿಟ್ಟು ಗುರುತಿಸಿ, “ಇದ್ದಾನೆ. ಬೇರೆ ನಿಷೇಧವಿದೆಯೋ ನೋಡಿ. ಮೂರು ಕೆಲಸದ ದಿನಗಳ ಗಡುವಿದೆ. ಇಲ್ಲದಿದ್ದರೆ ಕೊಡಬಹುದು” ಎಂದಿತು.

ಅದನ್ನು ಕೆಳಗಿಡುವುದರೊಳಗೆ ಎರಡನೆಯದು ಮೊಳಗಿತು. ಈ ಬಾರಿ ವಿಮಾನ ನಿಲ್ದಾಣ. ಅದೇ ಹೆಸರು, ಅದೇ ಜನ್ಮದಿನಾಂಕ. ತಂಗಿಯ ಮದುವೆಗೆ ಹೊರಟಿದ್ದಾನೆಂದೂ, ಕೈಯಲ್ಲಿ ಒಂದು ಬಟ್ಟೆಯ ಚೀಲದ ಹೊರತು ಬೇರೇನೂ ಇಲ್ಲವೆಂದೂ ಅತ್ತ ಕಡೆಯವರು ಹೇಳುತ್ತಿದ್ದುದು ನನಗೂ ಕೇಳಿಸಿತು. ಪಟ್ಟಿ ಈ ಸಲ ಹಾಳೆ ಮಗುಚುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ.

“ಹತ್ತಿಸಕೂಡದು.”