ಕಪ್ಪೆಗೆ ಕೋಡು ಮೂಡಿಸುವ ವಿಧಾನ

(ಕಂಪ್ಯೂಟೇಶನಲ್ ಬಯಾಲಜಿ ಸ್ನಾತಕೋತ್ತರ ಪದವಿ: ಅರ್ಜಿದಾರರ ಕೈಪಿಡಿ)

ಎಚ್ಚರಿಕೆ: ಅರ್ಜಿ ತುಂಬುವ ಮೊದಲು ಓದಿ. ತುಂಬಿದ ಮೇಲೆ ಓದಿದರೆ ಜ್ಞಾನೋದಯ ಆದೀತು, ಅರ್ಜಿ ಶುಲ್ಕ ಮಾತ್ರ ವಾಪಸು ಬಾರದು.

1. ಉತ್ಪನ್ನದ ಪರಿಚಯ

ಮನುಷ್ಯನ ಜೀನೋಮ್ ಎಂದರೆ ಸುಮಾರು 300 ಕೋಟಿ ಅಕ್ಷರಗಳ ಬರಹ. ವರ್ಣಮಾಲೆಯಲ್ಲಿರುವುದು ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರ. ಪದಗಳ ನಡುವೆ ಜಾಗವಿಲ್ಲ, ಪೂರ್ಣವಿರಾಮವಿಲ್ಲ. ಕಣ್ಣಿನಿಂದ ಓದಿ ಮುಗಿಯುವ ಬಾಬತ್ತಲ್ಲ, ಯಂತ್ರದಿಂದ ಓದಿಸಬೇಕು. ಓದಿಸುವವರಿಗೆ ಯಂತ್ರವೂ ತಿಳಿದಿರಬೇಕು, ಜೀವವೂ ತಿಳಿದಿರಬೇಕು.

ಎರಡರ ನಡುವೆ ಮಾತುಕತೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಎಕ್ಸೆಲ್ ಸಾಕ್ಷಿ. ಮಾರ್ಚ್1, ಸೆಪ್ಟ್2 ಎಂಬ ಹೆಸರಿನ ಜೀನ್‌ಗಳಿದ್ದವು. ಅವನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ಎಕ್ಸೆಲ್ ಅವನ್ನು ತಾರೀಖು ಎಂದು ತಿಳಿದು ತಿದ್ದಿಬಿಡುತ್ತಿತ್ತು. ವರ್ಷಗಟ್ಟಲೆ ಹೆಣಗಿದ ಮೇಲೆ, 2020ರಲ್ಲಿ, ಜೀನ್‌ಗಳ ನಾಮಕರಣ ಸಮಿತಿಯವರು ಜೀನ್‌ಗಳ ಹೆಸರನ್ನೇ ಬದಲಿಸಿದರು. ಕೋಟ್ಯಂತರ ವರ್ಷಗಳ ವಿಕಾಸ ಸ್ಪ್ರೆಡ್‌ಶೀಟಿಗೆ ತಲೆಬಾಗಿತು.

2. ಬೇಕಾಗುವ ಬಿಡಿಭಾಗಗಳು

ಅ) ಕೋಶ, ಡಿಎನ್‌ಎ, ಪ್ರೋಟೀನ್ ಓದಿದ ಒಬ್ಬ ವ್ಯಕ್ತಿ.
ಆ) ಪ್ರೋಗ್ರಾಮಿಂಗ್, ರೇಖೀಯ ಬೀಜಗಣಿತ, ಸಂಭವನೀಯತೆ ಓದಿದ ಇನ್ನೊಬ್ಬ ವ್ಯಕ್ತಿ.
ಇ) ಅ ಮತ್ತು ಆ ಒಬ್ಬರೇ ಆಗಿರತಕ್ಕದ್ದು.

ಕರ್ನಾಟಕದಲ್ಲಿ ತಯಾರಾದ ಮಾದರಿಗಳಿಗೆ ವಿಶೇಷ ಸೂಚನೆ: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರವೇ ನಿಮ್ಮ ವಿಂಗಡಣೆ ಮುಗಿದಿರುತ್ತದೆ. "ಡಾಕ್ಟರ್ ಆಗೋದಾದ್ರೆ ಪಿಸಿಎಂಬಿ, ಇಂಜಿನಿಯರ್ ಆಗೋದಾದ್ರೆ ಪಿಸಿಎಂಸಿ" ಎಂದು ಚಿಕ್ಕಪ್ಪ ತೀರ್ಪು ಕೊಟ್ಟಾಗಿದೆ. ಒಂದು ಅಕ್ಷರದ ವ್ಯತ್ಯಾಸದಲ್ಲಿ ಅರ್ಧ ತರಗತಿ ಕಪ್ಪೆಯ ಕಡೆಗೂ ಅರ್ಧ ತರಗತಿ ಕೀಬೋರ್ಡಿನ ಕಡೆಗೂ ಹೋಗಿದೆ. ಐದಾರು ವರ್ಷ ಕಳೆದ ಮೇಲೆ ಈ ಅರ್ಜಿ ಬಂದು, ಬಿ ಎಲ್ಲಿ, ಸಿ ಎಲ್ಲಿ, ಎರಡನ್ನೂ ತೋರಿಸಿ ಎನ್ನುತ್ತದೆ. ಚಿಕ್ಕಪ್ಪನವರನ್ನು ಸಂಪರ್ಕಿಸಬೇಡಿ. ಅವರೀಗ ಡೇಟಾ ಸೈನ್ಸ್ ಮಾಡು ಎನ್ನುತ್ತಿದ್ದಾರೆ.

3. ಜೋಡಣೆ: ದೇಶೀ ವಿಧಾನ

ಎಂ.ಟೆಕ್. ಬೇಕಿದ್ದರೆ ಗೇಟ್ ಬರೆಯಿರಿ. ಐಐಐಟಿ ದೆಹಲಿಯಲ್ಲಿ ಈ ವಿಷಯದಲ್ಲೇ ಎಂ.ಟೆಕ್. ಇದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಬೆಂಬಲಿಸುವ ಕೋರ್ಸುಗಳಿಗೆ ಗ್ಯಾಟ್-ಬಿ ಎಂಬ ಪರೀಕ್ಷೆ ಉಂಟು. ಅದರ ಮೊದಲ ಭಾಗದಲ್ಲಿ ಪಿಯುಸಿ ಮಟ್ಟದ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕೂ ಕಡ್ಡಾಯ. ಅಂದರೆ ಪದವಿ ಮುಗಿಸಿದವರು ಅಟ್ಟದಿಂದ ಪಿಯುಸಿ ಪುಸ್ತಕ ಇಳಿಸಬೇಕು. ರದ್ದಿಗೆ ಹಾಕಿದ್ದರೆ ತಮ್ಮನದೋ ತಂಗಿಯದೋ ಕೇಳಿ ಪಡೆಯಿರಿ. ಕಾರಣ ವಿವರಿಸುವ ಗೋಜಿಗೆ ಹೋಗಬೇಡಿ.

4. ಜೋಡಣೆ: ವಿದೇಶಿ ವಿಧಾನ

ಜರ್ಮನಿಗೆ ಹೊರಟವರು ಮೊದಲು ತಮ್ಮ ಅಂಕವನ್ನು ತಲೆಕೆಳಗು ಮಾಡಿಕೊಳ್ಳಬೇಕು. ಅಲ್ಲಿ 1.0 ಎಂದರೆ ಅತ್ಯುತ್ತಮ, 4.0 ಎಂದರೆ ಹೇಗೋ ಪಾಸು. ಸೂತ್ರ ಹೀಗಿದೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಗರಿಷ್ಠದಿಂದ ಪಾಸಿನ ಅಂಕ ಕಳೆದು ಬಂದದ್ದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. 10ಕ್ಕೆ 8 ಸಿಜಿಪಿಎ ತೆಗೆದವರು, ಪಾಸಿಗೆ 4 ಬೇಕಿದ್ದರೆ, 2.0 ಆಗುತ್ತಾರೆ. ಇದನ್ನು ಮನೆಯಲ್ಲಿ ಹೇಳುವಾಗ ಜಾಗ್ರತೆ. "ಎಂಟಿದ್ದದ್ದು ಎರಡಕ್ಕೆ ಇಳೀತಂತೆ" ಎಂಬ ಸುದ್ದಿ ಸಂಜೆಯೊಳಗೆ ಬೀದಿ ದಾಟುತ್ತದೆ.

ಆಮೇಲೆ ನಿಮ್ಮ ಪ್ರಮಾಣಪತ್ರಗಳು ಅಸಲಿ ಎಂದು ಎಪಿಎಸ್ ಕಚೇರಿ ಸರ್ಟಿಫಿಕೇಟು ಕೊಡಬೇಕು. 2022ರ ನವೆಂಬರಿನಿಂದ ಭಾರತೀಯ ವಿದ್ಯಾರ್ಥಿಗಳ ವೀಸಾಕ್ಕೆ ಇದು ಬೇಕೇ ಬೇಕು. ಹಾಗೆಯೇ ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಮುಂಗಡ ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು 11,904 ಯೂರೋಗೆ ಏರಿಸಿದರು. ದುಡ್ಡು ನಿಮ್ಮದೇ, ಆದರೆ ತಿಂಗಳಿಗೆ ಇಷ್ಟೆಂದು ಅಳೆದು ಕೊಡುತ್ತಾರೆ.

ಅಮೆರಿಕಕ್ಕೆ ಹೊರಟವರಿಗೆ ಜಿಆರ್‌ಇ. ಹಿಂದೆ ಅದರಲ್ಲಿ ಕಂಪ್ಯೂಟರ್ ಸೈನ್ಸಿಗೂ ಜೀವಶಾಸ್ತ್ರಕ್ಕೂ ಬೇರೆಬೇರೆ ವಿಷಯ ಪರೀಕ್ಷೆಗಳಿದ್ದವು. ಮೊದಲನೆಯದನ್ನು 2013ರಲ್ಲಿ, ಎರಡನೆಯದನ್ನು 2021ರಲ್ಲಿ ನಿಲ್ಲಿಸಿದರು. ಉಳಿದಿರುವ ಸಾಮಾನ್ಯ ಪರೀಕ್ಷೆಯಲ್ಲಿ ಕೋಡೂ ಇಲ್ಲ, ಕೋಶವೂ ಇಲ್ಲ. ಅದನ್ನೂ ಕೇಳದ ವಿಶ್ವವಿದ್ಯಾಲಯಗಳು ಈಗ ಬಹಳ.

5. ಕಾಗದಪತ್ರ

ಉದ್ದೇಶ ಪತ್ರವನ್ನು "ಚಿಕ್ಕಂದಿನಿಂದಲೂ ನನಗೆ" ಎಂದು ಶುರುಮಾಡಬೇಡಿ. ಚಿಕ್ಕಂದಿನಲ್ಲಿ ನೀವು ಏನು ಮಾಡುತ್ತಿದ್ದಿರೆಂದು ಆಯ್ಕೆ ಸಮಿತಿಗೆ ಅಂದಾಜಿದೆ. ಶಿಫಾರಸು ಪತ್ರ ಕೇಳಲು ಹೋದಾಗ ಮೇಷ್ಟ್ರು "ನೀನೇ ಬರ್ಕೊಂಡ್ ಬಾ, ಸಹಿ ಹಾಕ್ತೀನಿ" ಎನ್ನಬಹುದು. ಪತ್ರ ಕೊಡಬೇಕಾದ ಮೂವರೂ ಹೀಗೆಂದರೆ ಗಾಬರಿಯಾಗಿ, ಏಕೆಂದರೆ ಮೂವರು ಪ್ರಾಧ್ಯಾಪಕರು ನಿಮ್ಮನ್ನು ಒಂದೇ ವಿಶೇಷಣಗಳಿಂದ, ಒಂದೇ ಅಲ್ಪವಿರಾಮದ ತಪ್ಪಿನೊಂದಿಗೆ ಹೊಗಳುವುದು ಸಂಭವನೀಯತೆಯ ಲೆಕ್ಕಕ್ಕೆ ಸಿಗುವುದಿಲ್ಲ. ಆ ಲೆಕ್ಕ ಬಲ್ಲವರೇ ಸಮಿತಿಯಲ್ಲಿ ಕೂತಿರುತ್ತಾರೆ.

6. ದೋಷ ಮತ್ತು ಪರಿಹಾರ

ದೋಷ: ಜೀವಶಾಸ್ತ್ರ ಇದೆ, ಕೋಡ್ ಬರೆಯಲು ಬರುವುದಿಲ್ಲ.
ಪರಿಹಾರ: ಎನ್‌ಸಿಬಿಐ ಜಾಲತಾಣದಿಂದ ಬೀಟಾ ಗ್ಲೋಬಿನ್ ಜೀನಿನ ಅಕ್ಷರಮಾಲೆ ಇಳಿಸಿಕೊಳ್ಳಿ, ಕಾಸಿಲ್ಲ. ಸಹಜ ಜೀನಿಗೂ ಸಿಕಲ್ ಸೆಲ್ ರೋಗದ ಜೀನಿಗೂ ಎಲ್ಲಿ ವ್ಯತ್ಯಾಸವಿದೆ ಎಂದು ಹುಡುಕುವ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆಯಿರಿ. ಜಿಎಜಿ ಇರಬೇಕಾದಲ್ಲಿ ಜಿಟಿಜಿ ಸಿಗುತ್ತದೆ.

ದೋಷ: ಕೋಡ್ ಬರುತ್ತದೆ, ಜೀವಶಾಸ್ತ್ರ ಗೊತ್ತಿಲ್ಲ.
ಪರಿಹಾರ: ಅದೇ ಪ್ರೋಗ್ರಾಂ. ನಿಮಗೆ ಅದು ಹತ್ತು ನಿಮಿಷದ ಕೆಲಸ. ಉಳಿದ ಹೊತ್ತಿನಲ್ಲಿ, ಆ ಒಂದು ಅಕ್ಷರದಿಂದ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲೀನ್ ಹೇಗೆ ಬಂತು, ಕೆಂಪು ರಕ್ತಕಣ ಕುಡುಗೋಲಿನಂತೆ ಏಕೆ ಬಾಗಿತು, ಚಾಮರಾಜನಗರ, ಕೊಡಗಿನ ಹಾಡಿಗಳಲ್ಲಿ ಈ ರೋಗದ ತಪಾಸಣೆ ಏಕೆ ನಡೆಯುತ್ತಿದೆ ಎಂದು ಓದಿ.

ದೋಷ: ಹನ್ನೆರಡು ಆನ್‌ಲೈನ್ ಸರ್ಟಿಫಿಕೇಟುಗಳಿವೆ, ಮೇಲಿನ ಎರಡೂ ಬರುವುದಿಲ್ಲ.
ಪರಿಹಾರ: ಸರ್ಟಿಫಿಕೇಟುಗಳನ್ನು ಹಾಗೇ ಇರಿಸಿ, ಮೇಲಿನ ಎರಡನ್ನೂ ಮಾಡಿ.

7. ವಾರಂಟಿ

2ನೇ ಭಾಗದ ನಿಯಮವನ್ನು ಹಿಂದಕ್ಕೆ ಅನ್ವಯಿಸುವಂತಿಲ್ಲ. ಅನ್ವಯಿಸಿದರೆ ಈ ವಿಷಯವೇ ಉಳಿಯುವುದಿಲ್ಲ. 1965ರಲ್ಲಿ ಪ್ರೋಟೀನ್ ಸರಣಿಗಳ ಮೊದಲ ಸಂಕಲನ ತಂದ ಮಾರ್ಗರೆಟ್ ಡೇಹಾಫ್ ಡಾಕ್ಟರೇಟ್ ಪಡೆದದ್ದು ರಸಾಯನ ವಿಜ್ಞಾನದಲ್ಲಿ. 1981ರಲ್ಲಿ ಸರಣಿ ಹೋಲಿಕೆಯ ಅಲ್ಗಾರಿದಂ ಕೊಟ್ಟ ಸ್ಮಿತ್ ಭೌತವಿಜ್ಞಾನದವರು, ವಾಟರ್‌ಮನ್ ಗಣಿತದವರು. ಪ್ರೋಟೀನಿನ ಆಕಾರ ಸರಿಯಿದೆಯೇ ಎಂದು ಇಂದಿಗೂ ಪರೀಕ್ಷಿಸುವ 1963ರ ರಾಮಚಂದ್ರನ್ ನಕ್ಷೆಯ ಜಿ.ಎನ್. ರಾಮಚಂದ್ರನ್ 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗಿಗೆ. ಅಲ್ಲಿಂದ ಅವರನ್ನು ಸಿ.ವಿ. ರಾಮನ್ ತಮ್ಮ ಭೌತವಿಜ್ಞಾನ ವಿಭಾಗಕ್ಕೆ ಎಳೆದುಕೊಂಡರು. ಆ ಪ್ರವೇಶ ಪ್ರಕ್ರಿಯೆ ಈಗ ಚಾಲ್ತಿಯಲ್ಲಿಲ್ಲ.

ಹಾಗೆಂದು ಅವರ ಹೆಸರು ಹೇಳಿ ಕೊರತೆ ಮುಚ್ಚಿಕೊಳ್ಳಬೇಡಿ. ತಮ್ಮಲ್ಲಿ ಇಲ್ಲದ ಅರ್ಧವನ್ನು ಅವರು ಕೆಲಸ ಹಿಡಿದ ಮೇಲೆ ಕಲಿತರು. ನಿಮಗೆ ಅರ್ಜಿಯ ಕೊನೆಯ ದಿನಾಂಕದವರೆಗೆ ಸಮಯವಿದೆ.