ಐವತ್ತಕ್ಕೆ ಸಾಲಿ

ಐವತ್ತು ದಾಟಿದವರು ಮೊಮ್ಮಕ್ಕಳನ್ನು ಸಾಲಿಗೆ ಹಚ್ಚಬೇಕೇ ಹೊರತು ತಾವೇ ಹೋಗಿ ಹೆಸರು ಹಚ್ಚಬಾರದು ಎಂಬುದು ಹುಲಕೋಟಿಯ ಕಟ್ಟೆಯ ಮೇಲೆ ಸರ್ವಾನುಮತದಿಂದ ಪಾಸಾದ ಠರಾವು. ಠರಾವಿನ ವಿಷಯದಲ್ಲಿ ನಮ್ಮವರ ಮುಂದೆ ವಾದ ನಡೆಯುವುದಿಲ್ಲ. ಕಣಗಿನಹಾಳದ ಸಿದ್ದನಗೌಡ ಪಾಟೀಲರು 1905ರಲ್ಲೇ ಸಹಕಾರಿ ಸಂಘ ಕಟ್ಟಿದ ಸೀಮೆ ಇದು, ಸಹಕಾರಿ ಧುರೀಣ ಕೆ.ಎಚ್. ಪಾಟೀಲರ ಊರು ಬೇರೆ.

ನಾನು ಹೆಸರು ಹಚ್ಚಿದ್ದು ಇನ್‌ಸ್ಟ್ರಕ್ಷನಲ್ ಡಿಸೈನ್ ಎಂಬ ವಿಷಯಕ್ಕೆ, ಅದೂ ಆನ್‌ಲೈನ್‌ನಲ್ಲಿ.

"ಹಂಗಂದ್ರ ಏನೋ ತಮ್ಮಾ?" ಎಂದರು ಪಕ್ಕದ ಮನೆಯ ಕಾಕಾ.

"ಪಾಠ ಹೆಂಗ ಹೇಳಬೇಕು ಅನ್ನೋದನ್ನ ಹೇಳಿಕೊಡತಾರ್ರೀ."

"ಇಷ್ಟು ವರ್ಷ ಮಾಸ್ತರಿಕಿ ಮಾಡಿ ಪಗಾರ ಎಣಿಸಿದಿ. ಅದನ್ನ ಈಗ ಕಲೀತಿಯೇನು?"

ಇದಕ್ಕೆ ಉತ್ತರ ಸಿಲೆಬಸ್ಸಿನಲ್ಲಿರಲಿಲ್ಲ. ಅದರಲ್ಲಿದ್ದವರು ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್; ಅವರು 1956ರಲ್ಲಿ ಕಲಿಕೆಗೆ ಆರು ಮೆಟ್ಟಿಲು ಹಾಕಿಕೊಟ್ಟರು. ತೀರ ಕೆಳಗಿನದು ಓದಿದ್ದನ್ನು ನೆನೆದು ಹೇಳುವುದು. ನನ್ನ ಮಂಡಿನೋವು ಶುರುವಾದದ್ದೇ ಅಲ್ಲಿ. ಓದಿದ್ದು ಮೊದಲ ಕೆಲವು ತಾಸುಗಳಲ್ಲೇ ಬಹುಪಾಲು ಮರೆತುಹೋಗುತ್ತದೆಂದು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ. ಸಂತೆಯ ಚೀಟಿ ಕೊಟ್ಟು ಕಳಿಸುವ ನನ್ನ ಹೆಂಡತಿಗೆ ಈ ಸಂಶೋಧನೆಯಲ್ಲಿ ಹೊಸದೇನೂ ಕಾಣಲಿಲ್ಲ.

ಕೊನೆಯ ಬೆಂಚಿಗೆ ಮಾತ್ರ ಕೊರತೆಯಿಲ್ಲ. ಕ್ಯಾಮೆರಾ ಆಫ್ ಮಾಡಿದರಾಯಿತು. ಅದರ ಹಿಂದೆ ಕೂತು ಚುರುಮುರಿ ತಿನ್ನುವಾಗ ಒಂದು ಸಂಗತಿ ಹೊಳೆಯಿತು: ಪಾಠ ಎಲ್ಲಿ ಬೇಸರ ತರಿಸುತ್ತದೆ ಎನ್ನುವುದು ಕುರ್ಚಿಗೆ ಗೊತ್ತಾಗುವುದಿಲ್ಲ, ಬೆಂಚಿಗೆ ತಕ್ಷಣ ಗೊತ್ತಾಗುತ್ತದೆ. ಈ ಶಾಸ್ತ್ರದಲ್ಲಿ 'ಆ್ಯಡಿ' ಎಂಬ ಐದು ಹಂತಗಳ ಪದ್ಧತಿಯಿದೆ. 1975ರ ಸುಮಾರಿಗೆ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯವರು ಅಮೆರಿಕದ ಸೈನ್ಯದ ತರಬೇತಿಗಾಗಿ ರೂಪಿಸಿದ್ದರಿಂದ ಬೆಳೆದದ್ದು. ಅದರ ಮೊದಲ ಹಂತವೇ ಕಲಿಯುವವನಿಗೆ ಏನು ಗೊತ್ತಿದೆ, ಏನು ಬೇಕಾಗಿದೆ ಎಂದು ವಿಚಾರಿಸುವುದು. ಮಾಸ್ತರರಾದ ನಾವು ವಿಚಾರಿಸುತ್ತೇವೆ, ಪರೀಕ್ಷೆ ಮುಗಿದ ಮೇಲೆ.

ಕಲಿಯುವವನಿಂದ ಪಾಠ ಶುರುಮಾಡುವುದಕ್ಕೆ ಫ್ಲಾರಿಡಾಕ್ಕೇ ಹೋಗಬೇಕಿಲ್ಲ. ನಮ್ಮೂರ ಕೃಷಿ ವಿಜ್ಞಾನ ಕೇಂದ್ರದವರು ಮುಂಚೂಣಿ ಪ್ರಾತ್ಯಕ್ಷಿಕೆ ಎಂದು ಮಾಡುತ್ತಾರೆ. ಭಾಷಣ ಬಿಗಿದು ಹೋಗುವುದಿಲ್ಲ; ರೈತನ ಹೊಲದಲ್ಲೇ ಹೊಸ ತಳಿ ಬೆಳೆಸುತ್ತಾರೆ, ಪಕ್ಕದಲ್ಲಿ ಅವನ ಹಳೆಯ ಪದ್ಧತಿಯ ಬೆಳೆ. ಯಾವುದು ಚಲೋ ಎಂದು ಅವನೇ ನೋಡಿಕೊಳ್ಳಬೇಕು.

ಕಾಕಾನಿಗೆ ಇದನ್ನು ವಿವರಿಸಿದೆ. "ಹೌದಲ್ಲೋ, ಹೇಳಿದ್ರ ಯಾಂವ ನಂಬತಾನ? ಬೆಳದು ತೋರಿಸಬೇಕು" ಎಂದರು. ಎರಡು ಸೆಮಿಸ್ಟರಿನ ಫೀ ಕಟ್ಟಿ ನಾನು ಓದುತ್ತಿರುವುದನ್ನು ಅವರು ಎಲೆ-ಅಡಿಕೆ ಹಾಕಿಕೊಳ್ಳುತ್ತ ಮುಗಿಸಿಬಿಟ್ಟರು.

ಆದರೂ ಫೀ ದಂಡವಾಯಿತು ಎನ್ನಲಾರೆ; ಬೆಂಚಿನ ಮೇಲೆ ಕೂತದ್ದರಿಂದ ಒಂದು ಮಾತು ಹೊಳೆಯಿತು. ಡ್ರೈವಿಂಗ್ ಲೈಸೆನ್ಸಿನಂತೆ ಬಿ.ಇಡಿ. ಸರ್ಟಿಫಿಕೇಟಿಗೂ ಒಂದು ಅವಧಿ ಇರಬೇಕು. ಅದು ಮುಗಿದ ಮಾಸ್ತರರು ಒಂದು ವರ್ಷ ಬೆಂಚಿನ ಮೇಲೆ ಕೂತು, ಹೋಂವರ್ಕ್ ಬರೆದು, ಬೈಸಿಕೊಂಡು ಬಂದರಷ್ಟೇ ಮತ್ತೆ ಸೀಮೆಸುಣ್ಣ ಮುಟ್ಟಲು ಬಿಡಬೇಕು. ಮಕ್ಕಳನ್ನು ಕೇಳಿ ನೋಡಿ, ಒಬ್ಬರೂ ಬೇಡ ಎನ್ನುವುದಿಲ್ಲ.