ಬೈ ಟು ಎದೆಬಡಿತ

ನಮ್ಮವರ ಎದೆಗೆ ಬರುವುದು ಎರಡೇ ಕಾಯಿಲೆ. ಒಂದು ಗ್ಯಾಸ್ಟ್ರಿಕ್, ಇನ್ನೊಂದು ಹಾರ್ಟ್ ಅಟ್ಯಾಕ್. ಎದೆ ಡವಡವ ಅಂದ ಕೂಡಲೇ ಮನೆಯ ಹಿರಿಯರು ಮೊದಲನೆಯದಕ್ಕೆಂದು ಸೋಡಾ ತರಿಸುತ್ತಾರೆ, ಕಿರಿಯರು ಎರಡನೆಯದಕ್ಕೆಂದು ಮೊಬೈಲ್ ತೆರೆಯುತ್ತಾರೆ. ಈ ಎರಡರ ನಡುವೆ ಒಂದು ದೊಡ್ಡ ಸೀಮೆ ಬಿದ್ದಿದೆ. ಅದು ಪೀಣ್ಯದಲ್ಲಿ ಶುರುವಾಗಿ ವೈಟ್‌ಫೀಲ್ಡ್ ಬಳಸಿಕೊಂಡು ಎಲೆಕ್ಟ್ರಾನಿಕ್ ಸಿಟಿ ತನಕ ಹೋಗುತ್ತದೆಂದು ನನ್ನ ಗುಮಾನಿ.

ಎದೆ ಹೊಡೆದುಕೊಳ್ಳಲು ಬೇಕಾದ ಸಾಮಗ್ರಿ ಇಲ್ಲಿ ಆಫೀಸಿನ ಗೇಟು ದಾಟಿದರೆ ಕಾಂಡಿಮೆಂಟ್ಸ್ ಅಂಗಡಿಯಲ್ಲೇ ಸಿಗುತ್ತದೆ. ಬೈ ಟು ಎಂದು ಹಂಚಿಕೊಂಡು ಅರ್ಧ ಲೋಟ ಕಾಫಿ ಕುಡಿದದ್ದು ಲೆಕ್ಕಕ್ಕಿಲ್ಲ ಎಂಬುದು ಬೆಂಗಳೂರಿನ ಗಣಿತ. ನನ್ನ ಸಹೋದ್ಯೋಗಿಯೊಬ್ಬರು ಡಾಕ್ಟರ ಮುಂದೆ, “ಕಾಫಿ ಜಾಸ್ತಿ ಇಲ್ಲ ಸಾರ್, ಬರೀ ಬೈ ಟು” ಎಂದರು.

“ದಿನಕ್ಕೆ ಎಷ್ಟು ಸಲ?”

“ಒಂದು ಎಂಟು ಸಲ.”

“ಸಿಗರೇಟು?”

“ಅದೂ ಬೈ ಟುನೇ ಸಾರ್.”

ಕಾಫಿ ಎಲ್ಲರ ಎದೆಯನ್ನೂ ಕುಣಿಸುವುದಿಲ್ಲ, ಪಾಪ. ಆದರೆ ರಿಲೀಸ್ ಅಂತ ರಾತ್ರಿಯಿಡೀ ಎಚ್ಚರ, ಮೇಲೆ ಎನರ್ಜಿ ಡ್ರಿಂಕ್, ಶನಿವಾರದ ಪಾರ್ಟಿಯ ಗುಂಡು ಎಲ್ಲವೂ ಕೂಡಿದರೆ ಹೃದಯವಾದರೂ ಎಷ್ಟೆಂದು ಸಹಿಸೀತು?

ಇದೇ ಮಹಾಶಯರ ಕೈಗೆ ಮಗಳು ಸ್ಮಾರ್ಟ್ ವಾಚು ಕಟ್ಟಿದಳು. ಸುಮ್ಮನೆ ಕೂತಾಗ ನಿಮಿಷಕ್ಕೆ 60ರಿಂದ 100 ಬಡಿತ ಸಹಜ. ಸಿಲ್ಕ್ ಬೋರ್ಡ್ ಹತ್ತಿರದ ಟ್ರಾಫಿಕ್ಕಿನಲ್ಲಿ ವಾಚು 112 ಎಂದು ನಡುಗಿತು. ಅಂಕಿ ನೋಡಿದ ಗಾಬರಿಗೇ 118 ಆಯಿತು. ಇಳಿಯಿತೇನೋ ಎಂದು ಮತ್ತೆ ನೋಡಿದರೆ 125. ಕ್ಯಾಬು ನಿಂತಲ್ಲೇ ನಿಂತಿತ್ತು, ಎದೆ ಮಾತ್ರ ಹೊಸೂರು ದಾಟಿತ್ತು. ಆತಂಕ ಎದೆಬಡಿತವನ್ನು ಏರಿಸುತ್ತದೆ, ಏರಿದ ಬಡಿತ ಆತಂಕವನ್ನು ಸಾಕುತ್ತದೆ; ನಡುವೆ ವಾಚು ಚಾಡಿ ಹೇಳುತ್ತದೆ.

ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ನಮ್ಮ ಬೀದಿಯ ಅಕ್ಕನಿಗೆ ವಾಚಿನ ಉಸಾಬರಿಯಿಲ್ಲ. “ಮೆಟ್ಟಿಲು ಹತ್ತಿದ್ರೆ ಎದೆ ಗಾಬರಿ, ಕಣ್ಣು ಮಂಜು” ಎನ್ನುತ್ತಾಳೆ. ಬೆಳಿಗ್ಗೆ ತಿಂಡಿಗೆ ಪುರುಸೊತ್ತಿಲ್ಲ, ಟೀ ಕುಡಿದು ಬಸ್ಸು ಹಿಡಿಯುತ್ತಾಳೆ. ಟಾರ್ಗೆಟ್ ತಪ್ಪಬಾರದೆಂದು ಮೆಷಿನ್ ಬಿಟ್ಟೇಳುವುದಿಲ್ಲ. ಏಳುವಂತಾಗಬಾರದೆಂದು ನೀರೇ ಕುಡಿಯುವುದಿಲ್ಲ. ಸಂಜೆ ಅವಳ ಬಾಟಲಿ ತುಂಬಿದ ಹಾಗೇ ಮನೆಗೆ ಬಂದದ್ದನ್ನು ನಾನೇ ನೋಡಿದ್ದೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾದರೆ ಮೈಗೆ ಬೇಕಾದ ಆಮ್ಲಜನಕ ಮುಟ್ಟಿಸಲು ಹೃದಯ ಬೇಗಬೇಗ ದುಡಿಯಲೇಬೇಕು, ಅದಕ್ಕೂ ಓವರ್‌ಟೈಮು. ಇಂಥ ಎದೆಗೆ ಸೋಡಾ ಕುಡಿಸಿ ಏನು ಪ್ರಯೋಜನ?

ಥೈರಾಯಿಡ್ ಹೆಚ್ಚಾದರೂ, ಜ್ವರ ಬಂದರೂ, ಬಸುರಿನಲ್ಲೂ, ಮುಟ್ಟು ನಿಲ್ಲುವ ಕಾಲದಲ್ಲೂ ಎದೆ ಹೀಗೆ ಹಾರುತ್ತದೆ. ಮೂಗು ಕಟ್ಟಿದ್ದಕ್ಕೆ ನುಂಗುವ ಕೆಲವು ಮಾತ್ರೆ, ಉಬ್ಬಸದ ಪಂಪು ಕೂಡ ಈ ಚೇಷ್ಟೆ ಮಾಡಬಲ್ಲವು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಜಯದೇವ ಹೃದ್ರೋಗ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. 2025ರಲ್ಲಿ ಹಾಸನದ ಸಾಲು ಹೃದಯಾಘಾತಗಳ ಸುದ್ದಿ ಬಂದಾಗಲೂ ಅದೇ ಕತೆ. ಹೆದರಿ ಹೋದರೂ ಹೋದದ್ದು ಒಳ್ಳೆಯದೇ ಎಂಬ ಪಕ್ಷ ನನ್ನದು. ತೊಂದರೆಯೆಂದರೆ ಸಾಮಾನ್ಯ ಇಸಿಜಿ ಹಿಡಿಯುವುದು ಹತ್ತು ಸೆಕೆಂಡಿನ ಬಡಿತ. ಮೆಕ್ಯಾನಿಕ್ ಎದುರು ಸದ್ದು ನಿಲ್ಲಿಸುವ ಸ್ಕೂಟರಿನ ಹಾಗೆ ಆ ಹೊತ್ತಿಗೆ ಎದೆ ಸಾಧುವಾಗಿಬಿಡುತ್ತದೆ. ಅದಕ್ಕೇ ದಿನವಿಡೀ ಮೈಗೆ ಅಂಟಿಸಿಕೊಂಡು ಓಡಾಡುವ ಹೋಲ್ಟರ್ ಯಂತ್ರ ಇದೆ. ನನ್ನ ಸಹೋದ್ಯೋಗಿ ಅದನ್ನು ಕಟ್ಟಿಕೊಂಡ ದಿನ ಕಾಫಿಯನ್ನೇ ಮುಟ್ಟಲಿಲ್ಲ. ಡಾಕ್ಟರು ಬೈದು, ದಿನಾ ಇರುವ ಹಾಗೇ ಇರಿ ಎಂದು ಮತ್ತೆ ಕಟ್ಟಿಸಿದರು.

ಇಷ್ಟು ಹೊತ್ತು ತಮಾಷೆ ಆಯಿತು, ಇದು ಮಾತ್ರ ತಮಾಷೆಯಲ್ಲ. ಎದೆಬಡಿತದ ಜೊತೆ ಎದೆನೋವು, ಉಸಿರುಕಟ್ಟು, ತಲೆಸುತ್ತಿ ಬೀಳುವುದು ಇವುಗಳಲ್ಲಿ ಒಂದು ಸೇರಿಕೊಂಡರೂ ಗ್ಯಾಸ್ಟ್ರಿಕ್ಕೋ ಅಲ್ಲವೋ ಎಂದು ಮನೆಯಲ್ಲಿ ಪಂಚಾಯಿತಿ ಮಾಡುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತನೆ ಹೋದವರಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಕಾಫಿಯ ಲೆಕ್ಕವನ್ನೂ ಹೇಳಿ, ಪೂರ್ತಿ ಲೋಟದಲ್ಲಿ.